ಅಕ್ಕ ಸೀರೆ ಉಡಿಸಿದ ಕಲ್ಲು

ನಮ್ಮಕ್ಕನ ತಲೆ ನೆಟ್ಟಗೇ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ, ತಿಳವಳ್ಳಿ ಹತ್ತಿರದ ಒಂದು ಗೋವಿನಜೋಳದ ಹೊಲದಲ್ಲಿ ಅವಳು ಹಾಳು ಕಲ್ಲೊಂದರ ಮೈಗೆಲ್ಲ ಹಿಟ್ಟು ಬಳಿದು, ಮೂಗು ತಾಗುವಷ್ಟು ಬಗ್ಗಿ, "ಮಾತಾಡ, ಯಾಕ ಸುಮ್ನ ಅದೀ?" ಎಂದು ಗದರಿಸುತ್ತಿದ್ದುದನ್ನು ಕಂಡವರು ಬೇರೆಯದನ್ನೇ ಹೇಳುತ್ತಾರೆ. ಬೆನ್ನಿಗೆ ಎರಡು ವರ್ಷದ ಮಗನನ್ನು ಹಳೆ ಸೀರೆಯಲ್ಲಿ ಕಟ್ಟಿಕೊಂಡಿದ್ದಳು. ಐದು ವರ್ಷದ ಮಗಳು ಪಕ್ಕದಲ್ಲಿ ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದಳು. ಅಷ್ಟು ದೂರದಲ್ಲಿ, ಬೈಕಿನ ಮೇಲೆ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಕುಳಿತಿದ್ದವನು ನಾನು.

ಅಕ್ಕ ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಹಾನಗಲ್ ಸೀಮೆಯಲ್ಲಿ ಶಾಸನಗಳಿಗೇನು ಬರವೇ? ಆಡೂರಿಗೆ ಹೋದರೆ ಶಾಸನ, ಗುಡಿಯ ಹಿಂದೆ ಹೋದರೆ ಶಾಸನ, ಬಟ್ಟೆ ಒಗೆಯುವ ಕಲ್ಲು ಮಗುಚಿದರೆ ಅದರಡಿಯೂ ಶಾಸನ! ಮದುವೆಗೆ ಮುಂಚೆ ಹೆಸರು ನೋಂದಾಯಿಸಿದ್ದಳು. ಆಮೇಲೆ ಮದುವೆ ಬಂತು, ಮಗಳು ಬಂದಳು, ಮಗ ಬಂದ, ಪ್ರಬಂಧ ಮಾತ್ರ ಬರಲಿಲ್ಲ. ವಿಶ್ವವಿದ್ಯಾಲಯದವರು ಕೊಡಬಹುದಾದ ಅವಧಿಯನ್ನೆಲ್ಲ ಕೊಟ್ಟು ಮುಗಿಸಿ, ಈ ದೀಪಾವಳಿಯೊಳಗೆ ಒಪ್ಪಿಸದಿದ್ದರೆ ನೋಂದಣಿಯೇ ರದ್ದು ಎಂದುಬಿಟ್ಟರು. ನನಗೋ ಶಿಗ್ಗಾಂವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಂದು ಬೈಕಿದೆ, ಮದುವೆಯಾಗಿಲ್ಲ. ಸಂಶೋಧನೆ ಮಾಡುವ ಅಕ್ಕನಿಗೆ ಇಂಥ ತಮ್ಮನಿಗಿಂತ ಹೆಚ್ಚಿನ ಸೌಕರ್ಯ ಬೇಕೆ? ನನ್ನ ಅಂಗಡಿ ವಾರಕ್ಕೆ ಎಷ್ಟು ಸಲ ಬಾಗಿಲು ಹಾಕಿತೆಂದು ಗಿರಾಕಿಗಳನ್ನೇ ಕೇಳಬೇಕು.

ಸವೆದ ಅಕ್ಷರ ಓದಲು ಕಲ್ಲಿಗೆ ಹಿಟ್ಟು ಸವರುತ್ತಾರಂತೆ. ಗೆರೆಗಳಲ್ಲಿ ಹಿಟ್ಟು ಉಳಿದು ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ನಮ್ಮವ್ವ ಹಾನಗಲ್ಲಿನ ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದ್ದಳು. ಅವಳು ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದ ಜೋಳದ ಹಿಟ್ಟೇ ಶಾಸನಕ್ಕೆ ಹೋಗುತ್ತಿತ್ತು. "ಈ ಮನ್ಯಾಗ ಮೊದ್ಲ ಕಲ್ಲು ಉಣಬೇಕು, ಉಳದ್ರ ಮಂದಿ ಉಣಬೇಕು" ಎಂದು ಅವ್ವ ಖಾಲಿ ಡಬ್ಬಿ ಬಡಿಯುತ್ತಿದ್ದಳು.

ಭಾವ ಹಾನಗಲ್–ಹಿರೇಕೆರೂರು ಬಸ್ಸಿನ ಕಂಡಕ್ಟರ್. ಅಕ್ಕನ ಮಗನೋ ತೊಟ್ಟಿಲಲ್ಲಿ ಮಲಗುವವನಲ್ಲ, ಹಾಸಿಗೆಯಲ್ಲೂ ಮಲಗುವವನಲ್ಲ, ಓಡುವ ಬಸ್ಸಿನಲ್ಲಿ ಮಾತ್ರ ಕಣ್ಣು ಮುಚ್ಚುವ ಮಹಾರಾಜ. ಇದನ್ನು ಕಂಡುಕೊಂಡ ಮೇಲೆ ಅಕ್ಕ ದಿನಾ ಮಧ್ಯಾಹ್ನ ಅವನನ್ನೆತ್ತಿಕೊಂಡು ಗಂಡನ ಬಸ್ಸು ಹತ್ತತೊಡಗಿದಳು. ಹಿರೇಕೆರೂರಿನಲ್ಲಿ ಅವಳಿಗೇನು ಕೆಲಸ? ಏನೂ ಇಲ್ಲ. ಅಲ್ಲಿ ಇಳಿಯುತ್ತಲೂ ಇರಲಿಲ್ಲ! ಮಗ ತೊಡೆಯ ಮೇಲೆ ಮಲಗಿದರೆ, ಅವನ ಬೆನ್ನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾಗಿರುವುದರಿಂದ ಭಾವ ಮಾತಿಲ್ಲದೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಿದ್ದ.

"ಎಲ್ಲಿಗಿ ಹೊಂಟೀರಿ ಅಕ್ಕಾರ?" ಎಂದು ಪಕ್ಕದಲ್ಲಿ ಕುಳಿತವಳು ಕೇಳಿದರೆ ಅಕ್ಕ ತಲೆಯೆತ್ತದೆ, "ಮೂರನೇ ಅಧ್ಯಾಯಕ್ಕ" ಎನ್ನುತ್ತಿದ್ದಳು. ಅವಳ ಮಾರ್ಗದರ್ಶಕರು ಒಮ್ಮೆ ಬರಹ ನೋಡಿ, "ಅಕ್ಷರ ಇಲ್ಲಿಂದ ಸುಧಾರಿಸ್ಯಾವಲ್ಲ, ಏನ್ ಕಾರಣ?" ಎಂದು ಕೇಳಿದರಂತೆ. "ಅಲ್ಲಿಂದ ರಸ್ತೆ ಚಲೋ ಐತ್ರಿ ಸರ್" ಎಂದಳಂತೆ ಅಕ್ಕ.

ಮಗಳ ಕಥೆ ಇನ್ನೊಂದು. ಅವಳಿಗೆ ತುತ್ತು ಹಾಕುವಾಗಲೂ ಅಕ್ಕ ಶಾಸನವನ್ನೇ ಗಟ್ಟಿಯಾಗಿ ಓದುತ್ತಿದ್ದಳು. ಶಾಸನಗಳ ಕೊನೆಗೊಂದು ಶಾಪ ಇರುತ್ತದೆ. ಈ ದಾನ ಕೆಡಿಸಿದವರಿಗೆ ಗಂಗೆಯ ದಂಡೆಯಲ್ಲಿ ಸಾವಿರ ಕವಿಲೆ, ಅಂದರೆ ಹಸು, ಕೊಂದ ಪಾಪ ಬರಲಿ ಎಂಬಂಥದ್ದು. ಹುಡುಗಿಗೆ ಬೇರೇನೂ ತಲೆಗೆ ಹತ್ತಲಿಲ್ಲ, ಇದು ಮಾತ್ರ ಹತ್ತಿತು! ಒಂದು ದಿನ ಅವಳ ಬಿಸ್ಕೀಟಿನಲ್ಲಿ ಒಂದು ಚೂರು ಮುರಿದು ತಮ್ಮನಿಗೆ ಕೊಡಲು ಅವ್ವ ಕೈ ಚಾಚಿದಳು.

"ಆಯೀ, ನನ್ನ ಬಿಸ್ಕೀಟ್ ಮುಟ್ಟಿದವ್ರಿಗೆ ಗಂಗಿ ದಂಡಿ ಮ್ಯಾಲ ಸಾವಿರ ಕವಿಲೆ ಕೊಂದ ಪಾಪ ಬರತೈತಿ" ಎಂದಳು ಹುಡುಗಿ ಅಜ್ಜಿಗೆ.

ಅವ್ವ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. "ಅಲ್ಲ ಯವ್ವಾ, ಒಂದು ಬಿಸ್ಕೀಟಿಗೆ ಸಾವಿರ ಆಕಳೇನ?"

ಹುಡುಗಿ ಸ್ವಲ್ಪ ಯೋಚಿಸಿದಳು. "ಕ್ರೀಮ್ ಬಿಸ್ಕೀಟ್ ಐತಿ, ಆಯೀ."

ನಾವು ಹೀಗೆ ನಗುನಗುತ್ತಲೇ ಇದ್ದೆವು, ಆ ಒಂದು ಸಂಜೆಯವರೆಗೆ. ಮಗ ಕಟ್ಟೆಯಿಂದ ಬಿದ್ದು ಮೊಣಕಾಲು ತರಚಿಕೊಂಡ. ಅಕ್ಕ ಕೈಯಲ್ಲಿದ್ದ ಹಾಳೆಗಳನ್ನು ಬಿಸಾಡಿ ಎರಡೂ ತೋಳು ಚಾಚಿದಳು. ಅವನು ಅವಳ ಪಕ್ಕದಿಂದಲೇ ಓಡಿ ಬಂದು, "ಮಾಮಾ" ಎಂದು ಅಳುತ್ತ ನನ್ನ ಕಾಲು ತಬ್ಬಿಕೊಂಡ. ಅಕ್ಕನ ತೋಳು ಒಂದು ಗಳಿಗೆ ಹಾಗೇ ಚಾಚಿಕೊಂಡಿದ್ದವು.

ಅಕ್ಕಿ ಆರಿಸುತ್ತಿದ್ದ ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಕಲ್ಲು ನಿನ್ನ ಕೂಡ ಮಾತಾಡೂದರಾಗ ಕೂಸುಗಳು ನಿನ್ನ ಮರತಾವು. ಸಾಕ ಮಾಡವಾ ಇನ್ನ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ನಾಟಿತು.

ಅಕ್ಕ ಹಾಳೆಗಳನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಬರೆಯಬೇಕಾದದ್ದು ಒಂದೇ ಅಧ್ಯಾಯ, ಓದಬೇಕಾದದ್ದು ಆ ಹೊಲದ ಕಲ್ಲಿನ ಕೊನೆಯ ಕೆಲವು ಸಾಲು. "ಡಾಕ್ಟರ್ ಅನಿಸ್ಕೊಂಡು ಏನ್ ಮಾಡ್ಲೋ ತಮ್ಮಾ, ಇವ್ಕ ಅವ್ವ ಅನಿಸ್ಕೊಳ್ಳಾಕ ಆಗದಿದ್ರ?" ಎಂದಳು. ನನ್ನ ಬೈಕಿಗೆ ಬಿಡುಗಡೆ ಸಿಕ್ಕಿತ್ತು, ಅಂಗಡಿ ದಿನಾ ತೆರೆಯಬಹುದಿತ್ತು. ಆದರೂ ನನಗೆ ಊಟ ರುಚಿಸಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಹೊಲದ ಒಡತಿ ಫೋನ್ ಮಾಡಿದಳು. "ಅಕ್ಕಾರ, ನಿಮ್ಮ ದೇವಿ ಭಾಳ ಜೋರ ಅದಾಳ್ರಿ. ಬಂದು ಹೋಗ್ರಿ."

ಯಾವ ದೇವಿ? ಹೋಗಿ ನೋಡಿದರೆ ನಮ್ಮ ಕಲ್ಲು! ಮೈತುಂಬ ಎಣ್ಣೆ, ಅರಿಷಿಣ, ಕುಂಕುಮ. ತಲೆಗೆ ಹೂವು, ಮುಂದೆ ಒಡೆದ ಕಾಯಿ. ಆದದ್ದಿಷ್ಟು. ಅಕ್ಕ ಹಿಟ್ಟು ಬಳಿದ ದಿನ, ಬೆನ್ನ ಮೇಲಿನ ಮಗ ಒಂದೇ ಸಮನೆ ಕಿರುಚುತ್ತಿದ್ದ. ಅಕ್ಕ ಅವನನ್ನು ಕೆಳಗಿಳಿಸಿ ಕಲ್ಲಿಗೆ ಒರಗಿಸಿದಳು. ಬಿಸಿಲಿಗೆ ಕಾದವನ ಕೆನ್ನೆ ನೆರಳಲ್ಲಿದ್ದ ತಂಪು ಕಲ್ಲಿಗೆ ತಾಗಿದ್ದೇ ತಡ, ಹಾಗೇ ನಿದ್ದೆ ಹೋಗಿದ್ದ. ಕಳೆ ಕೀಳುತ್ತಿದ್ದ ಹೆಂಗಸರು ಇದನ್ನು ನೋಡಿದ್ದರು. ಹಿಟ್ಟು ಬಳಿದದ್ದು ಪೂಜೆ, ಗದರಿಸಿದ್ದು ಮಂತ್ರ, ಕೂಸು ಸುಮ್ಮನಾದದ್ದು ಪವಾಡ! ಈಗ ಸುತ್ತಲಿನ ಊರುಗಳಿಂದ ತಾಯಂದಿರು ಅಳುವ ಕೂಸುಗಳನ್ನೆತ್ತಿಕೊಂಡು ಬಂದು ಸಾಲಾಗಿ ಕುಳಿತಿದ್ದರು. ಹುಲಗೂರಿನಿಂದ ಬಂದ ಒಬ್ಬ ಮುಸ್ಲಿಂ ಹೆಣ್ಣುಮಗಳೂ ಇದ್ದಳು. "ದರ್ಗಾಕ್ಕೂ ಹೋಗಿ ಬಂದೇನ್ರಿ, ಇಲ್ಲೂ ಒಂದ್ಸಲ ನೋಡೂಣು ಅಂತ ಬಂದ್ನಿ" ಎಂದಳು. ಕೂಸುಗಳೆಲ್ಲ ಒಟ್ಟಿಗೆ ಅಳುತ್ತಿದ್ದವು.

ಅಕ್ಕ ತಲೆ ಚಚ್ಚಿಕೊಳ್ಳುತ್ತಾಳೆಂದು ನಾನು ಹೆದರಿದ್ದೆ. ಅವಳು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕಣ್ಣಡಿ ಕಪ್ಪಾದ, ತಲೆ ಬಾಚಿಕೊಳ್ಳಲು ಪುರಸೊತ್ತಿಲ್ಲದ ಅಷ್ಟೂ ತಾಯಂದಿರನ್ನು ನೋಡಿ ಗೊಳ್ಳೆಂದು ನಕ್ಕಳು.

"ಇವರ‍್ಯಾರೂ ಪಿಎಚ್.ಡಿ. ಮಾಡಾಕತ್ತಿಲ್ಲಲೋ ತಮ್ಮಾ. ಆದ್ರೂ ಎಲ್ಲಾರ ಮಕ್ಕಳೂ ಅಳಾಕತ್ತಾವು."

ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಮೊದಲಿನ ಅಕ್ಕ ಕಂಡಳು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಆದರೆ ಅಕ್ಷರಗಳೆಲ್ಲ ಎಣ್ಣೆ ಕುಂಕುಮದಲ್ಲಿ ಮುಚ್ಚಿಹೋಗಿದ್ದವಲ್ಲ? ದೇವಿಯ ಮೈ ಉಜ್ಜಲು ಬಿಟ್ಟಾರೆಯೇ? ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, "ದೇವಿಗೆ ಜಳಕಾ ಮಾಡಿಸಿ ಎಷ್ಟ ದಿನಾ ಆತ್ರಿ?" ಎಂದು ಜೋರು ಮಾಡಿದಳು. ಹೆಂಗಸರು ಮನೆಗಳಿಗೆ ಓಡಿದರು. ಸೀಗೇಕಾಯಿ ಬಂತು, ಕೊಡಗಟ್ಟಲೆ ನೀರು ಬಂತು. ಮೈ ಉಜ್ಜಿ ಎರೆದ ಮೇಲೆ ದೇವಿಗೆ ಸೀರೆ ಉಡಿಸಬೇಡವೇ? ಅಕ್ಕ ನನ್ನ ಬೈಕಿನ ಚೀಲದಲ್ಲೇ ಉಳಿದಿದ್ದ ಸಾಮಾನು ತೆಗೆದು, ಅಚ್ಚು ತೆಗೆಯುವ ಬಿಳಿ ಕಾಗದ ಒದ್ದೆ ಮಾಡಿ ಕಲ್ಲಿಗೆ ಅಂಟಿಸಿದಳು, ಕುಂಚದಿಂದ ಬಡಿದು ಕೂರಿಸಿದಳು, ಅದು ಆರುತ್ತ ಬಂದಂತೆ ಮಸಿ ಒತ್ತಿದಳು. ಕಪ್ಪು ಹಾಳೆಯ ಮೇಲೆ ಅಕ್ಷರಗಳು ಬೆಳ್ಳಗೆ ಮೂಡಿದವು. "ಕರೀ ಚಂದ್ರಕಾಳಿ ಸೀರಿ ಉಟ್ಟಾಳ ನೋಡ್ರಿ ತಾಯಿ" ಎಂದು ಮುದುಕಿಯೊಬ್ಬಳು ಕೈಮುಗಿದಳು. ನಾನೂ ಮುಗಿದೆ, ಬೇರೆ ದಾರಿ ಇರಲಿಲ್ಲ.

ಉಡಿಸಿದ್ದನ್ನು ಬಿಚ್ಚುವುದು ಹೇಗೆ? ಅಲ್ಲಿಯೇ ದೊಡ್ಡ ವಾದ ಎದ್ದಿತು. ಕೊನೆಗೆ ಅಕ್ಕ ಮನೆಯಿಂದ ತನ್ನ ಕುಬಸದ, ಅಂದರೆ ಸೀಮಂತದ, ಹಸಿರು ಸೀರೆ ತರಿಸಿ ಉಡಿಸುತ್ತೇನೆಂದು ಒಪ್ಪಿಕೊಂಡಳು. ಸೀರೆ ತರಲು ಹೋದವನು ಯಾರು? ಬೈಕಿರುವವನು! ಕೊನೆಯ ಸಾಲುಗಳಲ್ಲಿ ಇದ್ದದ್ದು ಇಷ್ಟೇ, ಆ ಊರಿನ ಹೆಣ್ಣುಮಗಳೊಬ್ಬಳು ಕೆರೆ ಕಟ್ಟಿಸಿ ಅದರ ಖರ್ಚಿಗೆ ಗದ್ದೆ ದಾನ ಬಿಟ್ಟಿದ್ದಳು. ಅಟ್ಟದ ಗಂಟು ಕೆಳಗಿಳಿಯಿತು. ದೀಪಾವಳಿಗೆ ಮುಂಚೆ ಪ್ರಬಂಧ ಹೋಯಿತು.

ಮೌಖಿಕ ಪರೀಕ್ಷೆಯ ದಿನ ಸವಣೂರು ಖಾರಾದ ಪೊಟ್ಟಣ, ನೀರಿನ ಬಾಟಲಿ, ಎರಡು ಮಕ್ಕಳು, ರಜೆ ಹಾಕಿದ ಭಾವ, ಅವ್ವ, ನಾನು, ಎಲ್ಲರೂ ವಿಶ್ವವಿದ್ಯಾಲಯಕ್ಕೆ ಹೋದೆವು. ಹೊರಗಿನಿಂದ ಬಂದ ಪರೀಕ್ಷಕರು ಭಾರಿ ಸಿಡುಕರೆಂದು ಸುದ್ದಿ. ಕನ್ನಡಕದ ಮೇಲಿಂದ ನೋಡಿ, "ಇಷ್ಟು ಸವೆದ ಕಲ್ಲಿನ ಅಚ್ಚು ಇಷ್ಟು ಚೆನ್ನಾಗಿ ಹೇಗೆ ತೆಗೆದಿರಿ?" ಎಂದರು. ಅಕ್ಕ ನೆಟ್ಟಗೆ ನಿಂತು, "ಸೀಗೇಕಾಯಿ ಹಚ್ಚಿ ಎರದು, ಸೀರಿ ಉಡಿಸಿ ತಗದೇನ್ರಿ ಸರ್" ಎಂದು ಇಡೀ ಕಥೆ ಹೇಳಿದಳು. ಸಭೆ ನಕ್ಕಿತು. ಪರೀಕ್ಷಕರೂ ನಕ್ಕರು. ಪದವಿಗೆ ಶಿಫಾರಸು ಮಾಡಿದ್ದೇವೆ ಎಂದರು. ಭಾವ ಅಭ್ಯಾಸಬಲದಿಂದ ಸೀಟಿ ಊದದಿದ್ದದ್ದು ನಮ್ಮ ಪುಣ್ಯ.

ಜನ ಕೈ ಕುಲುಕುವ ಗದ್ದಲದಲ್ಲಿ ಅಕ್ಕ ಎಲ್ಲೋ ಕಾಣೆಯಾದಳು. ಹುಡುಕಿಕೊಂಡು ಹೋದರೆ, ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮಗ ತೊಡೆಯ ಮೇಲೆ ಕವುಚಿ ಮಲಗಿ, ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಆ ಪರೀಕ್ಷಕರು ಮಾಲೆ ಹಿಡಿದು ಅಲ್ಲಿಗೇ ಬಂದರು. ಅವರ ಹಿಂದೆ ನಾಲ್ಕಾರು ಜನ. ಮಗಳು ಬೆಂಚಿನ ಮುಂದೆ ಎರಡೂ ಕೈ ಅಡ್ಡ ಚಾಚಿ ನಿಂತಳು.

"ಈಗ ಬ್ಯಾಡ್ರಿ. ನಮ್ಮವ್ವ ಮಲ್ಕೊಂಡಾಳ. ಭಾಳ ದಣದಾಳ."

ಪರೀಕ್ಷಕರು ಮಾಲೆಯನ್ನು ಅವಳ ಕೈಯಲ್ಲಿಟ್ಟು, ಸಪ್ಪಳ ಮಾಡದೆ ಹಿಂದಿರುಗಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಭಾವ ಎಬ್ಬಿಸಲೆಂದು ಬಗ್ಗಿದ. ಅವ್ವ ಅವನ ಕೈ ಹಿಡಿದಳು. ಅಕ್ಕನ ಪಕ್ಕದಲ್ಲಿ ಕುಳಿತು, ಒರಗಿದ ತಲೆಯನ್ನು ಮೆಲ್ಲಗೆ ತನ್ನ ಹೆಗಲಿಗೆ ತಂದುಕೊಂಡಳು.

"ಇರಲಿ ಬಿಡ್ರಿ," ಎಂದಳು ಅವ್ವ, "ಇನ್ನೊಂದು ಬಸ್ ಬರತೈತಿ."