ನಾಲ್ಕು ತಂತಿಗೊಂದು ಕೋರಸ್ ಪೆಟ್ಟಿಗೆ

ಬೇಸ್ ಗಿಟಾರ್ ಹಿಡಿದವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನೇ ವಿಳಾಸ ಕೇಳಿಕೊಂಡು ಬರುತ್ತದೆ. ಬಿಡದಿ ಕಡೆ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ನಾನು ವಾರವೆಲ್ಲ ಅಂಥದೊಂದರಲ್ಲಿ ಶಿಫ್ಟ್ ಮುಗಿಸಿ, ರಜೆಯ ದಿನ ರಾಮನಗರದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದೆ. ನಿದ್ದೆ ಎರಡೂ ಕಡೆ ಬರುತ್ತಿತ್ತು. ಎರಡು ಕಡೆಯವರೂ ಬಿಡುತ್ತಿರಲಿಲ್ಲ.

೧. ಎರಡು ತಂತಿ

ಕೆಂಗಲ್ ಹತ್ತಿರ ಒಂದು ನಾಮಕರಣ. ಹಾಡು ಮುಗಿದ ಮೇಲೆ ವಯಸ್ಸಾದ ಯಜಮಾನರೊಬ್ಬರು ನೇರ ನನ್ನ ಹತ್ತಿರ ಬಂದರು. ಅಭಿಮಾನಿ ಸಿಕ್ಕರು ಅಂತ ಎದ್ದು ನಿಂತೆ. ಅವರು ನನ್ನ ಗಿಟಾರಿನ ತಂತಿ ಎಣಿಸಿದರು. ಪಕ್ಕದ ಲೀಡ್ ಗಿಟಾರಿನದೂ ಎಣಿಸಿದರು.

"ಎಲ್ಡು ಕಿತ್ತೋಗವೆ ಕಣಪ್ಪ," ಅಂದರು, ಬೇಜಾರಿನಲ್ಲಿ.

ಬೇಸ್‌ಗೆ ನಾಲ್ಕೇ ತಂತಿ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು. "ಹೌದು ಯಜಮಾನ್ರೆ, ಹಾಕಿಸ್ಬೇಕು," ಅಂದುಬಿಟ್ಟೆ.

ಆರು ತಿಂಗಳಾದ ಮೇಲೆ ಅದೇ ಮನೆಯಲ್ಲಿ ಇನ್ನೊಂದು ಕಾರ್ಯಕ್ರಮ. ನಾನು ವ್ಯಾನ್ ಇಳಿಯುವ ಮೊದಲೇ ಯಜಮಾನರು ಕಾಯುತ್ತಿದ್ದರು. ಕೈಯಲ್ಲಿ ಎರಡು ಸುರುಳಿ ತಂತಿ. ಬೇಲಿ ಕಟ್ಟುವ ತಂತಿ.

"ಗಟ್ಟಿ ಐತೆ, ತಗಳಿ. ಇನ್ ಜನ್ಮದಲ್ಲಿ ಕಿತ್ತೋಗಕಿಲ್ಲ."

೨. ಆಯ್ಕೆ

ನಮ್ಮ ಆರ್ಕೆಸ್ಟ್ರಾದ ಓನರ್ ಕೀಬೋರ್ಡ್ ನುಡಿಸುವವನು. ಒಂದು ದಿನ, "ನಿನ್ ಬೇಸು ಉಪ್ಪಿಲ್ದ ಸಾರಾಗೈತೆ ಕಣ್ಲಾ. ಏನಾರ ಹಾಕು," ಅಂದ. ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು ಕಾಲಲ್ಲಿ ತುಳಿಯುವ ಕೋರಸ್ ಪೆಡಲ್ ಅಂತ ಒಂದು ಪೆಟ್ಟಿಗೆ ಉಂಟು. ದನಿ ತುಂಬಿಕೊಂಡು ಅಲೆ ಅಲೆಯಾಗಿ ಬರುತ್ತದೆ. ಅದನ್ನು ತರಲು ಎರಡನೇ ಶಿಫ್ಟ್ ಇದ್ದ ದಿನ ಬೆಳಿಗ್ಗೆಯೇ ಬೆಂಗಳೂರಿಗೆ ಹೋದೆ.

ಅಂಗಡಿಯವನು ಐದು ಪೆಟ್ಟಿಗೆ ಸಾಲಾಗಿ ಜೋಡಿಸಿದ. ನೀಲಿಯದು ಚೆನ್ನಾಗಿತ್ತು, ಆದರೆ ಅದು ಮಾಮೂಲಿ ಗಿಟಾರಿಗೆ ಮಾಡಿದ್ದು. ತುಳಿದರೆ ಬೇಸಿನ ಹೊಟ್ಟೆಯೇ ಖಾಲಿಯಾಗುತ್ತಿತ್ತು. ಇನ್ನೊಂದು ದನಿಯನ್ನು ಎಷ್ಟು ತೂಗಿಸುತ್ತಿತ್ತು ಅಂದರೆ ಕನಕಪುರ ರಸ್ತೆಯ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತಂತಾಯಿತು. ಎರಡು ಗಂಟೆ ತುಳಿದೆ, ತಿರುಗಿಸಿದೆ, ಮತ್ತೆ ತುಳಿದೆ. ಕಿವಿ ಜೋಮು ಹಿಡಿಯಿತು. ಕೊನೆಗೆ ಕಪ್ಪು ಪೆಟ್ಟಿಗೆಯೊಂದನ್ನು ತುಳಿದು ನುಡಿಸಿದಾಗ ಮೈ ಜುಮ್ ಅಂತು. ದನಿ ತುಂಬು, ಶುದ್ಧ, ಒಳ್ಳೆ ಆಳ.

"ಇದೇ!" ಅಂದೆ. "ಹುಡುಕ್ತಿದ್ದಿದ್ದೇ ಇದು. ಬೇಸಿನ ಗುಣ ಒಂದಿಷ್ಟೂ ಕೆಟ್ಟಿಲ್ಲ."

ಅಂಗಡಿಯವನು ಬಗ್ಗಿ ನೋಡಿದ. "ಸಾರ್, ಅದು ಆಫ್ ಆಗಿದೆ."

ಅದನ್ನೇ ತಗೊಂಡೆ.

೩. ಗೇಟು

ಬೆಂಗಳೂರಿಂದ ನೇರ ಫ್ಯಾಕ್ಟರಿಗೆ ಹೋದೆ, ಎರಡನೇ ಶಿಫ್ಟಿಗೆ. ಗೇಟಿನಲ್ಲಿ ಸೆಕ್ಯುರಿಟಿಯವರು ಬ್ಯಾಗ್ ತೆಗೆಸಿದರು. ಅವರು ಮಾಗಡಿ ಕಡೆಯವರು, ಬಲು ಕಟ್ಟುನಿಟ್ಟು. ಒಳಗಿಂದ ಬಂದದ್ದು ಕಬ್ಬಿಣದ ಡಬ್ಬ, ಮೂರು ಗುಂಡಿ, ಒಂದು ಕೆಂಪು ದೀಪ, ವೈರು.

ಅವರು ಎರಡು ಹೆಜ್ಜೆ ಹಿಂದೆ ಸರಿದು, "ಏನಿದು?" ಅಂದರು.

"ಪೆಡಲ್ಲು."

"ಪೆಡಲ್ಲಾ?" ದೂರದಿಂದಲೇ ಸುತ್ತು ಬಂದು ನೋಡಿದರು. "ತುಳಿಯೋದಾ?"

"ತುಳಿಯೋದೇ ಸಾರ್."

ತುಳಿದು ತೋರಿಸಿದೆ. ಟಕ್ ಅಂತು, ಅಷ್ಟೇ. ಅವರು ಮೆಲ್ಲಗೆ ಹತ್ತಿರ ಬಂದರು. ಒಳಗೆ ಬರುವ ವಸ್ತುಗಳ ರಿಜಿಸ್ಟರ್ ತೆಗೆದು ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಪೆಡಲ್ ಒಂದು. ಸೈಕಲ್ ತಂದಿರುವುದಿಲ್ಲ."

೪. ಅಕ್ಕ ತಂಗಿ

ನಮ್ಮಲ್ಲಿ ಹಿಂದಿನಿಂದ ದನಿಗೂಡಿಸುವವರು ಇಬ್ಬರು, ಅಕ್ಕ ತಂಗಿ. ಆರ್ಕೆಸ್ಟ್ರಾದವರು ಕೋರಸ್ ಅನ್ನುವುದು ಅವರಿಗೇ. ಪ್ರಾಕ್ಟೀಸಿನಲ್ಲಿ ಓನರ್ ಖುಷಿಯಿಂದ, "ಇನ್ಮ್ಯಾಕೆ ಕೋರಸ್ಸು ಪೆಟ್ಗೇಲೇ ಬತ್ತದೆ," ಅಂದುಬಿಟ್ಟ. ಅವರಿಬ್ಬರೂ ಮುಂದಿನ ವಾರ ಬರಲಿಲ್ಲ.

ನಾನೇ ಹುಡುಕಿಕೊಂಡು ಹೋದೆ. ಅಕ್ಕ ರೇಷ್ಮೆ ಬಿಚ್ಚುವ ಘಟಕದಲ್ಲಿ ಬಿಸಿನೀರಿಗೆ ಕೈ ಇಟ್ಟು ಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಬೆರಳೆಲ್ಲ ಬೆಳ್ಳಗೆ ಸುಕ್ಕಾಗಿದ್ದವು.

"ವಾರವೆಲ್ಲ ಇದು. ಒಂದಿನ ಹಾಡ್ಕಂಡು ಉಸ್ರು ಬಿಡ್ತಿದ್ವಿ," ಅಂದಳು, ತಲೆ ಎತ್ತದೆ. "ಅದುಕ್ಕೂ ಮಿಷಿನ್ ತಂದ್ಬುಟ್ರಾ ಅಣ್ಣ? ನಿಮ್ಗೆ ನಾವೇನ್ ಮಾಡಿದ್ವಿ?"

ಇಡೀ ಆರ್ಕೆಸ್ಟ್ರಾದಲ್ಲಿ ನನ್ನ ಬೇಸನ್ನು ಕೇಳಿಸಿಕೊಂಡು ಹಾಡುತ್ತಿದ್ದವಳು ಅವಳೊಬ್ಬಳೇ. "ಒಂದ್ಸಲ ಬಂದು ಕೇಳಮ್ಮ. ಆಮೇಲೆ ಬೈಯಿ," ಅಂದೆ.

ಇಬ್ಬರೂ ಪ್ರಾಕ್ಟೀಸಿಗೆ ಬಂದರು. ಸೆರಗು ಬಿಗಿದುಕೊಂಡು ಎದುರಿಗೆ ನಿಂತರು. ನಾನು ಪೆಡಲ್ ತುಳಿದು ನಿಧಾನ ನುಡಿಸಿದೆ. ಗೊಂಯ್ಯ್... ಅಂತ ಅದು ಹೊರಳಾಡಿತು. ಇನ್ನೂ ಸ್ವಲ್ಪ ಕಾದರು.

"ಹಾಡು ಯಾವಾಗ ಬತ್ತದೆ?" ತಂಗಿ ಕೇಳಿದಳು.

"ಇಷ್ಟೇ ಕಣಮ್ಮ."

ಅಕ್ಕನಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನಗಲು ಶುರು ಮಾಡಿದಳು. ನಗು ಮುಗಿಸಿ ಓನರ್ ಕಡೆ ತಿರುಗಿದಳು.

"ಇದುಕ್ಕಾ ನಾನು ಎಂಟು ದಿನ ಅನ್ನ ಬುಟ್ಟಿದ್ದು? ನಾವು ಕೆಮ್ಮುದ್ರೂ ಇದಕ್ಕಿಂತ ಇಂಪಾಗಿರ್ತದೆ!"

೫. ಒಂಬತ್ತನೇ ಎಲೆ

ಉಯ್ಯಂಬಳ್ಳಿ ಕಡೆ ಒಂದು ಬೀಗರೂಟ. ಮನೆಯ ಹಿರಿಯರಿಗೆ ಓನರ್ ಫೋನಿನಲ್ಲಿ ಜಂಬ ಕೊಚ್ಚಿದ್ದ: "ಈ ಸಲ ಹೊಸಾ ಕೋರಸ್ ತತ್ತಾ ಇದೀವಿ."

ಮಧ್ಯಾಹ್ನ ಹಾಡು ಮುಗಿಸಿ ಊಟಕ್ಕೆ ಕೂತೆವು. ನಾವು ಎಂಟು ಜನ. ಎಲೆ ಒಂಬತ್ತು. ಎಲ್ಲದರಲ್ಲೂ ಮುದ್ದೆ, ಮಟನ್ ಸಾರು ಹೊಗೆಯಾಡುತ್ತಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೈ ಇಡುವಷ್ಟರಲ್ಲಿ ಹಿರಿಯರು ಅಡ್ಡ ಬಂದರು.

"ಒಸಿ ತಡೀರಿ. ಹೊಸಾ ಕೋರಸ್ ಅಂದ್ರಲ್ಲ, ಅವರೆಲ್ಲಿ? ನಮ್ಮನೇಲಿ ಒಬ್ರುನ್ನ ಬುಟ್ಟು ಒಬ್ರಿಗೆ ಇಕ್ಕಾಕಿಲ್ಲ."

ನಾವು ಓನರ್ ಮುಖ ನೋಡಿದೆವು. ಓನರ್ ಉಪ್ಪಿನಕಾಯಿ ನೋಡಿದ.

"ನಾಚ್ಕೆನಾ ಅವರ್ಗೆ? ಕರ್ಕಂಬನ್ನಿ," ಅಂದರು ಹಿರಿಯರು. ಮುದ್ದೆ ಮೇಲೆ ಪೊರೆ ಕಟ್ಟುತ್ತಿತ್ತು. ಯಾರೂ ಏಳಲಿಲ್ಲ. ತಂದವನು ನಾನು ತಾನೇ! ಎದ್ದು ಹೋಗಿ ಪೆಡಲ್ ಬಿಚ್ಚಿಕೊಂಡು ಬಂದೆ.

"ಇದೇ ಯಜಮಾನ್ರೆ, ಕೋರಸ್ಸು."

ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಗುಚಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಇದು ಏನ್ ಮಾಡ್ತದೆ?"

"ಒಬ್ಬ ನುಡಿಸಿದ್ರೆ ಇಬ್ರು ನುಡಿಸಿದಂಗೆ ಕೇಳಿಸ್ತದೆ."

ಹಿರಿಯರು ಪೆಡಲನ್ನು ಜೋಪಾನವಾಗಿ ಚಾಪೆಯ ಮೇಲಿಟ್ಟರು. ಆಮೇಲೆ ಒಂಬತ್ತನೇ ಎಲೆಯನ್ನು ಮೆಲ್ಲಗೆ ನನ್ನ ಎಲೆಯ ಪಕ್ಕಕ್ಕೆ ಎಳೆದು, ನನ್ನೆದುರೇ ಚಕ್ಕಳಮಕ್ಕಳ ಹಾಕಿ ಕೂತರು.

"ಹಂಗಾರೆ ಇಬ್ರು ಉಂಡಂಗೆ ಉಣ್ಣಿ. ಮುಗ್ಯೋಗಂಟ ನಾನ್ ಏಳಾಕಿಲ್ಲ."