ಕುಮಟೆಯ ಶಟರಿಗೆ ಬ್ಯಾಡಗಿಯ ಪರೀಕ್ಷೆ

ಜಗತ್ತಿನ ಸಕಲ ವಸ್ತುಗಳೂ ಮೂಲತಃ ಮೆಣಸಿನಕಾಯಿಗಳೇ ಎಂದು ನಂಬಿದ ಮನುಷ್ಯರನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಬ್ಯಾಡಗಿಗೆ ಬನ್ನಿ, ನಮ್ಮ ಕಾಕಾನನ್ನು ತೋರಿಸುತ್ತೇನೆ!

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿಯ ದಲಾಲಿ ಅಂಗಡಿ. ಒಣಗಿದೆಯೋ, ಹಸಿಯಿದೆಯೋ ಎಂಬ ಒಂದೇ ಪ್ರಶ್ನೆ ಕೇಳುತ್ತ ಅವರ ಕೂದಲು ಹಣ್ಣಾಗಿದೆ. ಮುಷ್ಟಿಯಲ್ಲಿ ಕಾಯಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ, ಸುಮ್ಮನಿದ್ದರೆ ಹಸಿ. ‘ಹಸೀ ಕಾಯಿ ಮಾತಾಡಂಗಿಲ್ಲ’ ಎನ್ನುವುದು ಅವರ ವೇದವಾಕ್ಯ. ಅದೇ ಅಭ್ಯಾಸ ಈಗ ಕೈಗೆ ಸಿಕ್ಕ ಎಲ್ಲದಕ್ಕೂ ಹಬ್ಬಿದೆ. ಗಡಿಯಾರ ಕೊಟ್ಟರೆ ಅಲ್ಲಾಡಿಸುತ್ತಾರೆ, ಔಷಧದ ಬಾಟಲಿ ಕೊಟ್ಟರೆ ಅಲ್ಲಾಡಿಸುತ್ತಾರೆ, ಲಗ್ನಪತ್ರಿಕೆ ಕೊಟ್ಟರೂ ಒಮ್ಮೆ ಕಿವಿಗೆ ಹಿಡಿದೇ ಓದುತ್ತಾರೆ. ಅಳಿಯನನ್ನು ಆರಿಸುವಾಗ ಹೆಗಲು ಹಿಡಿದು ಅಲ್ಲಾಡಿಸಲಿಲ್ಲವಲ್ಲ, ಅದು ನಮ್ಮ ಮನೆತನದ ಪುಣ್ಯ! (ಕೈ ಕುಲುಕುವಾಗ ಸ್ವಲ್ಪ ಜಾಸ್ತಿಯೇ ಕುಲುಕಿದರು ಎಂದು ಆ ಅಳಿಯನೇ ಆಮೇಲೆ ನನ್ನ ಹತ್ತಿರ ಹೇಳಿದ.)

ಇಂಥವರು ಸಮುದ್ರದ ದಂಡೆಯ ಮನೆಯೊಂದರ ಕಾರಿನ ಶೆಡ್ಡಿಗೆ ಶಟರ್ ಎತ್ತುವ ಮೋಟರು ಆರಿಸಲು ಹೊರಟರೆ ಏನಾಗಬೇಡ?

ಕಾಕಾನ ಒಬ್ಬಳೇ ಮಗಳು, ನನ್ನ ತಂಗಿ, ಮದುವೆಯಾಗಿ ಕುಮಟೆಗೆ ಹೋದಳು. ಗಂಡನಿಗೆ ಬ್ಯಾಂಕಿನ ಕೆಲಸ, ವಾರದಲ್ಲಿ ಮುಕ್ಕಾಲು ಭಾಗ ಊರೂರು ತಿರುಗಾಟ. ಇವಳು ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ತನ್ನ ಪುಟ್ಟ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತಾಳೆ. ಓದುವ ಕಾಲದಲ್ಲಿ ಸ್ಕೂಟಿಯಿಂದ ಬಿದ್ದು ಅವಳ ಬಲಭುಜ ಮುರಿದಿತ್ತು. ಆಪರೇಷನ್ ಆಯಿತು, ರಾಡು ಹಾಕಿದರು, ಎಲ್ಲ ಆಯಿತು. ಆದರೆ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಭಾರವನ್ನಂತೂ ಮುಟ್ಟುವ ಹಾಗೆಯೇ ಇಲ್ಲ. ಹಾಗಂತ ಯಾರಾದರೂ ‘ಪಾಪ’ ಎಂದರೋ, ಮುಗಿಯಿತು! ಅಂದಿನಿಂದ ಇಂದಿನವರೆಗೆ ಅವಳು ಯಾರ ಕೈಯಲ್ಲೂ ಒಂದು ಚೀಲ ಹಿಡಿಸಿದವಳಲ್ಲ.

ಆ ಮನೆಯ ಶೆಡ್ಡಿನ ಶಟರಿಗೆ ಸಮುದ್ರದ ಗಾಳಿ ಬಡಿದು ಬಡಿದು ತುಕ್ಕು ಹಿಡಿದಿತ್ತು. ಒಂದು ಮುಂಜಾನೆ ಎಡಗೈಯಲ್ಲಿ ಎತ್ತಿದಾಗ ಅರ್ಧಕ್ಕೆ ಸಿಕ್ಕಿಕೊಂಡಿತು. ಅವಳು ಬಗ್ಗಿ ನೋಡುವಷ್ಟರಲ್ಲಿ ಧಡ್ ಎಂದು ಕೆಳಗೆ ಬಿತ್ತು. ತಲೆ ಹಿಂದಕ್ಕೆ ಎಳೆದುಕೊಂಡದ್ದರಿಂದ ಬಚಾವಾದಳು. ಫೋನಿನಲ್ಲಿ ಇದನ್ನು ನಗುನಗುತ್ತ ಹೇಳಿದಳು: “ಅಪ್ಪಾ, ತಲಿ ಉಳೀತು, ಊಟದ ಡಬ್ಬಿ ಚಪಾತಿ ಆತು!”

ಕಾಕಾ ಕೂಡ ಜೋರಾಗಿ ನಕ್ಕರು. ಫೋನು ಇಟ್ಟ ಮೇಲೆ ನಗಲಿಲ್ಲ. ಅಂದು ಅಂಗಡಿಗೂ ಹೋಗಲಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ದಿನ ಅಂಗಡಿಗೆ ಹೋಗದ ದಲಾಲನೆಂದರೆ ಲಗ್ನಕ್ಕೆ ಬಾರದ ಮದುಮಗನಿದ್ದ ಹಾಗೆ! ಹಾವೇರಿಯಲ್ಲಿದ್ದ ನನ್ನನ್ನು ಕರೆಸಿದರು.

“ಗುಂಡಿ ಒತ್ತಿದ್ರ ತಾನ ಮ್ಯಾಲೆ ಹೋಗೂ ಶಟರ್ ಬಂದಾವಂತಲ್ಲ, ಅಂಥಾದ್ದು ಹಾಕಸೂಣು. ಆಕಿಗೆ ಅಂದ್ರ ಬ್ಯಾಡಂತಾಳ. ಅಳಿಯಾಗ ಯುಗಾದಿ ಉಡುಗೊರಿ ಅಂತ ಹೇಳೂಣು.”

“ಅಷ್ಟ ಏನ್ರಿ ಕಾಕಾ, ನಾಳೆ ರಾಣೆಬೆನ್ನೂರಿಗೆ ಹೋಗಿ ತಂದ್ರಾತು.”

“ಹಂಗ ತರಾಕ ಅದೇನ್ ಬದನಿಕಾಯಿ ಏನೋ? ಮೊದ್ಲ ಅಲ್ಲೀ ಗಾಳಿ ಎಷ್ಟು ಹಸಿ ಐತಿ ನೋಡಬೇಕು!”

ನೋಡುವುದು ಹೇಗೆ? ಯಂತ್ರ ತಂತ್ರ ಯಾಕೆ ಬೇಕು, ಬ್ಯಾಡಗಿಯವರಿಗೆ! ಅಂಗಡಿಯಲ್ಲೇ ಅತಿ ಒಣಗಿದ, ಮುಟ್ಟಿದರೆ ಗೆಜ್ಜೆಯ ಹಾಗೆ ಸದ್ದು ಮಾಡುವ ಮೆಣಸಿನಕಾಯಿಗಳನ್ನು ಆರಿಸಿ, ದಾರದಲ್ಲಿ ಪೋಣಿಸಿಕೊಂಡು, ನನ್ನನ್ನೂ ಕರೆದುಕೊಂಡು ಕುಮಟೆಗೆ ಹೊರಟರು. ಬಸ್ಸಿನ ತುಂಬ ಸೀನು. ಅಲ್ಲಿ ತಲುಪಿದವರೇ ಶೆಡ್ಡಿನ ಶಟರಿನ ಕೆಳಗೆ ಆ ಮಾಲೆಯನ್ನು ತೂಗುಬಿಟ್ಟರು. ಬೆಳಗಾಗುವುದರೊಳಗೆ ಕಾಯಿಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಕಾಕಾ ಒಂದನ್ನು ಕಿತ್ತು ಕಿವಿಗೆ ಹಿಡಿದು ಅಲ್ಲಾಡಿಸಿದರು. ಪಿಟ್ಟೆನ್ನಲಿಲ್ಲ!

“ಇದು ಗಾಳಿ ಅಲ್ಲೋ ತಮ್ಮಾ, ನೀರಿಗೆ ರೆಕ್ಕಿ ಬಂದಾವ!” ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬಂದು ತಂಗಿಯ ಕಿವಿಯಲ್ಲಿ, “ಯಾರ ದೃಷ್ಟಿ ತಾಗಿತ್ತು?” ಎಂದು ಕೇಳಿದರು. ತಂಗಿಗೆ ನಗು ಬಂದು ಉತ್ತರ ಕೊಡಲಾಗಲಿಲ್ಲ. ನಗುವನ್ನು ಅವರು ಏನೆಂದು ತಿಳಿದರೋ, ನಾವು ಹೊರಡುವ ಹೊತ್ತಿಗೆ ಆ ಓಣಿಯ ಗೇಟುಗಳಿಗೆಲ್ಲ ಕೆಂಪು ಮೆಣಸಿನಕಾಯಿ ಬಂದಿದ್ದವು. ಕಾಕಾ ಅವುಗಳನ್ನು ನೋಡಿ, “ಇವು ನಮ್ಮೂರ ಕಾಯಿ ಅಲ್ಲ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಮುಂದಿನದು ರಾಣೆಬೆನ್ನೂರಿನ ಅಂಗಡಿ. ಮಾಲಕರು ಒಳ್ಳೆಯವರು, ಚಹಾ ತರಿಸಿ, ಮೋಟರುಗಳನ್ನು ಸಾಲಾಗಿ ಇಟ್ಟರು. ಕಾಕಾ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ ಕಿವಿಗೆ ಹಿಡಿದರು. ಮೂಸಿ ನೋಡಿದರು. ರೂಢಿಯಿಂದ ಒಂದು ಸೀನು ಸೀನಿದರು.

“ಯಜಮಾನ್ರ, ಅದು ಮೋಟ್ರು ರೀ, ಮೆಣಸಿನಕಾಯಿ ಅಲ್ಲ.”

“ಗೊತ್ತೈತ್ರಿ. ಮೆಣಸಿನಕಾಯಿ ಆಗಿದ್ರ ಇಷ್ಟೊತ್ತಿಗೆ ರೇಟ್ ಹೇಳಿ ಎದ್ದು ಹೋಗಿರ್ತಿದ್ದೆ.”

ಕೊನೆಗೆ ಪಕ್ಕದಲ್ಲಿ ಸರಪಳಿ ಇಳಿಬಿಟ್ಟ ಒಂದು ಮೋಟರನ್ನು ಹಿಡಿದು, ಇದನ್ನು ಮನೆಗೆ ಒಯ್ದು ಉಪ್ಪು ಗಾಳಿಯಲ್ಲಿ ಇಟ್ಟು ನೋಡುತ್ತೇನೆ, ತಾಳಿಕೊಂಡರೆ ಖರೀದಿ ಎಂದರು. ಮಾಲಕರು ಕಂಗಾಲಾದರು.

“ಅಲ್ರೀ, ಬ್ಯಾಡಗಿಯಾಗ ಸಮುದ್ರ ಎಲ್ಲೈತ್ರಿ?”

“ನಮ್ಮ ಬಚ್ಚಲದಾಗ.”

ಸುಳ್ಳಲ್ಲ! ಹಂಡೆಯ ಮೇಲೆ ತೊಲೆಗೆ ಮೋಟರು ಕಟ್ಟಿ, ಕೆಳಗೆ ಉರಿ ಹಾಕಿ, ಕಾಯುವ ನೀರಿಗೆ ಹರಳುಪ್ಪು ಸುರಿದರು. ಆವಿಯೇ ಸಮುದ್ರದ ಗಾಳಿ! ಯೋಜನೆಯೇನೋ ಭರ್ಜರಿ, ಆದರೆ ಮನೆಯವರಿಗೆ ಹೇಳುವುದನ್ನು ಮರೆತರು. ಸೋಮವಾರದ ಮಡಿಗೆಂದು ಒಳಗೆ ಹೋದ ಕಾಕಾನ ಹೆಂಡತಿ, ನಮ್ಮ ಚಿಗವ್ವ, ತಲೆಯ ಮೇಲೆ ನೀರು ಹಾಕಿಕೊಂಡು ಮಾಡಿದ ಕೂಗು ಓಣಿಗೆಲ್ಲ ಕೇಳಿಸಿತು.

“ನಾ ಜಳಕ ಮಾಡೇನೋ, ಉಪ್ಪಿನಕಾಯಿ ಆಗೇನೋ! ಎಣ್ಣಿ ಒಂದು ಹಾಕಿ ಭರಣ್ಯಾಗ ತುಂಬಿಬಿಡ್ರಿ!”

ಉಪ್ಪು ಆವಿಯ ಜೊತೆಗೆ ಮೇಲೇರುವುದಿಲ್ಲ ಎಂದು ಅರ್ಥ ಮಾಡಿಸಲು ಹೋಗಿ ನಾನೇ ಇನ್ನೊಂದು ಅನಾಹುತ ಮಾಡಿದೆ. ಕಾಕಾ ಕೂಡಲೇ ಹತ್ತಿಗೆ ಔಷಧ ಹೊಡೆಯುವ ಪಂಪನ್ನು ಬೆನ್ನಿಗೆ ಏರಿಸಿಕೊಂಡು, ಉಪ್ಪುನೀರು ತುಂಬಿ, ಮುಂಜಾನೆ ಸಂಜೆ ಬಚ್ಚಲಿನಲ್ಲಿ ಮೋಟರಿಗೆ ಸಿಂಪಡಿಸತೊಡಗಿದರು. ಅಭಿಷೇಕ ಮುಗಿಯುವವರೆಗೆ ನಾವೆಲ್ಲ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಸಾಲು ನಿಲ್ಲಬೇಕು! ಆದರೂ ಒಂದು ಮಾತು ಒಪ್ಪಬೇಕು, ಆ ಮೋಟರು ತಾಳಿಕೊಂಡಿತು. ಒಂದು ತಿರುಪಿಗೂ ತುಕ್ಕು ಹಿಡಿಯಲಿಲ್ಲ. ಸದ್ಯ ಮುಗಿಯಿತಲ್ಲ ಎಂದು ಚಿಗವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮುಗಿದಿರಲಿಲ್ಲ.

ಖರೀದಿಗೆಂದು ಮತ್ತೆ ರಾಣೆಬೆನ್ನೂರಿಗೆ ಹೋದೆವು. ಮಾಲಕರು ಕೊನೆಯದಾಗಿ ಒಮ್ಮೆ ಓಡಿಸಿ ತೋರಿಸಲು ಅದನ್ನು ಅಂಗಡಿಯ ಮಾದರಿ ಶಟರಿಗೆ ಜೋಡಿಸಿದರು. ಗುಂಡಿ ಒತ್ತಿದರು. ಶಟರು ಮೊಣಕಾಲಿನವರೆಗೆ ಏರಿತು, ನಿಂತಿತು. ಕರೆಂಟು ಹೋಗಿತ್ತು! ಆ ವರ್ಷಗಳಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ, ಬಂದರೆ ಸುದ್ದಿ. ಆದರೆ ತೇವದ ಚಿಂತೆಯಲ್ಲಿ ಮುಳುಗಿದ್ದ ಕಾಕಾನಿಗೆ ಇದು ಇಷ್ಟು ದಿನ ಹೊಳೆದೇ ಇರಲಿಲ್ಲ. ಕುಮಟೆಯಲ್ಲಂತೂ ಮಳೆಗಾಲಕ್ಕೆ ಮರ ಬಿದ್ದರೆ ದಿನಗಟ್ಟಲೆ ಕರೆಂಟು ಇರುವುದಿಲ್ಲ.

“ಚಿಂತಿಲ್ರಿ ಯಜಮಾನ್ರ, ಸರಪಳಿ ಜಗ್ಗಿದ್ರ ಏರತೈತಿ,” ಎಂದರು ಮಾಲಕರು.

ಕಾಕಾ ಹೆಗಲ ಮೇಲಿನ ಟವೆಲು ತೆಗೆದು, ತಮ್ಮ ಬಲಗೈಯ ಮೇಲ್ಭಾಗವನ್ನು ಪಕ್ಕೆಗೆ ಸೇರಿಸಿ ಗಟ್ಟಿಯಾಗಿ ಕಟ್ಟು ಎಂದು ನನಗೆ ಹೇಳಿದರು. ಕಟ್ಟಿದೆ. ಸರಪಳಿಗೆ ಕೈ ಚಾಚಿದರು. ಅದು ಮೇಲಿನಿಂದ ಜಗ್ಗಬೇಕಾದದ್ದು, ಕೈ ಮೇಲೆ ಏಳದೆ ಹೇಗೆ ಜಗ್ಗುವುದು? ಒದ್ದಾಡಿದರು. ಎಡಗೈ ಒಂದರಲ್ಲೇ ಜಗ್ಗಿ ನೋಡಿದರು, ಶಟರು ಗೇಣುದ್ದ ಏರಿ ಮತ್ತೆ ಜಾರಿತು. ಹಣೆಯಲ್ಲಿ ಬೆವರು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು.

“ಟವೆಲ್ ಬಿಚ್ಚಿ ಜಗ್ರೀ ಯಜಮಾನ್ರ, ಆರಾಮ ಬರ್ತೈತಿ!” ಎಂದು ಮಾಲಕರು ನಕ್ಕರು.

“ನಂದ್ ಬಿಚ್ಚಬೌದ್ರಿ,” ಎಂದರು ಕಾಕಾ. “ನನ್ನ ಮಗಳ ಕೈ ಇಷ್ಟ ಏಳತೈತಿ.”

ಮಾಲಕರ ನಗು ನಿಂತಿತು. ಒಳಗೆ ಹೋಗಿ, ಹಿಂದಿನ ಕೋಣೆಯಿಂದ ಇನ್ನೊಂದು ಮೋಟರು ತಂದು ಶಟರಿಗೆ ಜೋಡಿಸಿದರು. ಇದಕ್ಕೆ ಸರಪಳಿ ಇಲ್ಲ. ಕರೆಂಟು ಹೋದಾಗ ಒಂದು ಉದ್ದನೆಯ ಹಿಡಿಕೆ ಸಿಕ್ಕಿಸಿ ಸೊಂಟದ ಮಟ್ಟದಲ್ಲಿ ನಿಂತು ತಿರುವಿದರಾಯಿತು, ಭಾರವೇ ಗೊತ್ತಾಗದ ಹಾಗೆ ಶಟರು ಮೆಲ್ಲಗೆ ಏರುತ್ತದೆ. ಕಾಕಾ ಟವೆಲು ಕಟ್ಟಿದ ಆ ಕೈಯಲ್ಲೇ ತಿರುವಿದರು. ಏರಿತು. ಇಳಿಸಿ ಮತ್ತೆ ತಿರುವಿದರು. ಮತ್ತೆ ಏರಿತು. ಅವರ ಮುಖ ನೋಡಿ ನನಗೂ ಉಸಿರು ಬಂದ ಹಾಗಾಯಿತು. ಇನ್ನೇನು ಖರೀದಿ ಎನ್ನುವಾಗ ಕಾಕಾ ಮೋಟರನ್ನು ಬಿಚ್ಚಿಸಿ ಕಂಕುಳಲ್ಲಿ ಇಟ್ಟುಕೊಂಡರು.

“ಉಪ್ಪು ನೀರು ಹೊಡದು ತರ್ತೇನ್ರಿ.”

ಅಂದು ಬ್ಯಾಡಗಿಯ ಮನೆಗೆ ಆ ಎರಡನೆಯ ಮೋಟರಿನ ಜೊತೆ ಹೋಗುವ ಧೈರ್ಯ ನನಗಾಗಲಿಲ್ಲ. ಹಾವೇರಿಗೆ ಬಸ್ಸು ಹತ್ತಿಬಿಟ್ಟೆ. ಚಿಗವ್ವ ಪಂಪು ಹೊತ್ತ ಗಂಡನನ್ನು ನೋಡಿ ಎರಡು ದಿನ ತವರಿಗೆ ಹೋಗಿದ್ದಳೆಂದು ಆಮೇಲೆ ತಿಳಿಯಿತು!

ಅದೂ ಉಪ್ಪುನೀರಿಗೆ ತಾಳಿಕೊಂಡು, ಮಳೆಗಾಲಕ್ಕೆ ಮುಂಚೆ ಕುಮಟೆ ಸೇರಿತು. “ಅಳಿಯಾಗ ಉಡುಗೊರಿ” ಎಂದು ಕಾಕಾ ಗಂಭೀರವಾಗಿ ಹೇಳಿದರು. ತಂಗಿ ಹಿಡಿಕೆಯನ್ನು ನೋಡಿದಳು, ಅದರ ಎತ್ತರವನ್ನು ನೋಡಿದಳು, ಅಪ್ಪನನ್ನು ನೋಡಿದಳು. ಏನೋ ಅನ್ನುತ್ತಾಳೆ, ಜಗಳ ಶುರುವಾಗುತ್ತದೆ ಎಂದು ನಾನು ಕಾದೆ. “ಚಹಾ ಮಾಡ್ತೇನಿ” ಎಂದು ಒಳಗೆ ಹೋದಳು, ಅಷ್ಟೇ.

ಆಷಾಢದಲ್ಲಿ ಒಂದು ದಿನ ನಾನು ಬ್ಯಾಡಗಿಯಲ್ಲಿದ್ದೆ. ಹಿಂದಿನ ದಿನದಿಂದ ಕರಾವಳಿಯಲ್ಲಿ ಭಾರೀ ಮಳೆ, ಕಂಬಗಳು ಬಿದ್ದಿವೆ, ಕರೆಂಟಿಲ್ಲ ಎಂದು ಸುದ್ದಿ. ಅಳಿಯನೂ ಊರಲ್ಲಿಲ್ಲ. ಕಾಕಾ ಮುಂಜಾನೆಯಿಂದ ಫೋನಿನ ಪಕ್ಕದಲ್ಲೇ ಕುಳಿತಿದ್ದರು. ನೀವೇ ಫೋನು ಹಚ್ಚಿ ಕೇಳಿ ಎಂದರೆ, “ಆಕಿ ಏನ್ ಸಣ್ಣ ಹುಡಿಗೀನ?” ಎಂದು ನನಗೇ ಗದರಿದರು. ಅಂತೂ ಫೋನು ಬಂತು. ಸದ್ದು ಜೋರಾಗಿದ್ದರಿಂದ ತಂಗಿಯ ಮಾತು ನನಗೂ ಕೇಳಿಸುತ್ತಿತ್ತು.

“ಅಪ್ಪಾ, ಕಾಲೇಜಿನಿಂದ ಮಾತಾಡಾಕತ್ತೇನಿ. ಕಾರ್ ತಗೊಂಡ ಬಂದೆ.”

“ಹೌದಾ? ಕರೆಂಟ್ ಇಲ್ಲಂತ?”

“ಇಲ್ಲ. ಶಟರ್ ತಿರುವಿ ತಗದ್ನಿ.”

ಕಾಕಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು.

“ಯಾವ ಕೈಲೆ?”

“ಬಲಗೈಲೆ ಅಪ್ಪಾ. ಎಡಗೈಯಾಗ ಛತ್ರಿ ಹಿಡಕೊಂಡಿದ್ನಿ.”

ಕಾಕಾ ಫೋನು ಇಟ್ಟರು. ಆಮೇಲೆ ತಮ್ಮ ಬಲಗೈಯನ್ನು ಸೊಂಟದ ಹತ್ತಿರ ತಂದು, ಗಾಳಿಯಲ್ಲಿ ಮೆಲ್ಲಗೆ ತಿರುವತೊಡಗಿದರು.

“ಹಿಂಗ ತಿರುವಿರತಾಳ ನೋಡು,” ಎಂದರು. “ನೋಯಿಸಿಕೊಳ್ಳದಂಗ, ಹಿಂಗ.”

ಅಡುಗೆಮನೆಯಿಂದ ಚಿಗವ್ವ ಬಂದು ಬಾಗಿಲಲ್ಲಿ ನಿಂತಳು. ಏನಾಯಿತು ಎಂದು ನನ್ನನ್ನು ಕಣ್ಣಿನಲ್ಲೇ ಕೇಳಿದಳು. ಬಲಗೈಲೆ ತಗದಾಳಂತ ಎಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಡನ ಪಕ್ಕದಲ್ಲಿ ಕುಳಿತಳು. ಕಾಕಾ ಇನ್ನೂ ತಿರುವುತ್ತಲೇ ಇದ್ದರು.