ಬಲಕ್ಕೆ ನಾಲ್ಕು ಮಿಲಿಮೀಟರ್ ಕೋರಿ

ಇಂದ:
ಸದಾನಂದ, ಎಂ.ಎಸ್ಸಿ. (ರಸಾಯನಶಾಸ್ತ್ರ)
ಹಾಲಿನ ಪರೀಕ್ಷಕ, ಮಾಧವರಂ, ಚೆನ್ನೈ

ಗೆ:
ದವಡೆ ಯೋಜನೆಯ ಕಂಪ್ಯೂಟರ್
ಮೂಲಕ: ಕುಮಾರಿ ಶ್ರೀಯಾ, ಯೋಜನಾ ಇಂಜಿನಿಯರ್

ವಿಷಯ: ನನ್ನ ಗದ್ದವನ್ನು ನೇರ ಮಾಡದಿರಲು ಕೋರಿಕೆ.

ಉಲ್ಲೇಖ: ಮಂಗಳವಾರದ ವಿಡಿಯೊ ಸಭೆ, ಹಾಗೂ ಅದರಲ್ಲಿ ನನ್ನ ಹೆಂಡತಿ ನೀಡಿದ ಸಲಹೆಗಳು.

ಮಾನ್ಯ ಕಂಪ್ಯೂಟರ್ ಅವರೇ,

1. ನನ್ನ ಎಡದವಡೆಯಲ್ಲಿ ಗಂಟು ಬೆಳೆದಿರುವ ಕಾರಣ, ಆ ಭಾಗವನ್ನು ಗದ್ದದ ಸಮೇತ ತೆಗೆದು ಕಾಲಿನ ಮೂಳೆಯಿಂದ ಹೊಸದನ್ನು ಕಟ್ಟಬೇಕಾಗಿದೆ. ಗಂಟು ಪ್ರಾಣಕ್ಕೆ ಅಪಾಯದ್ದಲ್ಲ. ಎಡಭಾಗದ ಆಕಾರ ಕೆಟ್ಟಿರುವುದರಿಂದ ತಾವು ಬಲಭಾಗವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹೊಸ ದವಡೆ ರೂಪಿಸಿದ್ದೀರಿ. ವಿಧಾನ ಶಾಸ್ತ್ರೀಯವಾಗಿದೆ. ಆಕ್ಷೇಪವಿಲ್ಲ.

2. ಪರದೆಯ ಮೇಲೆ ಹೊಸ ದವಡೆ ತಿರುಗತೊಡಗಿದಾಗ ನನ್ನ ಹೆಂಡತಿ ಉಷಾ, ಪುರಸೈವಾಕ್ಕಂನ ಟೈಲರ್ ಮುಂದೆ ಇಪ್ಪತ್ತು ವರ್ಷ ನಿಂತ ಅನುಭವದಿಂದ ಮಾತಾಡಿದಳು. ಕೆನ್ನೆಯ ಹತ್ತಿರ ಸ್ವಲ್ಪ ಹಿಡಿಯಬೇಕೆಂದಳು. ಕೆಳಗೆ ಅರ್ಧ ಇಂಚು ಇಳಿಸಬೇಕೆಂದಳು. ಕೊನೆಗೆ, "ಒಳಗೆ ಒಂಚೂರು ಬಿಟ್ಟಿರಮ್ಮ, ಇವ್ರು ಮುಂದೆ ದಪ್ಪ ಆಗ್ತಾರೆ, ಆಗ ಬಿಚ್ಚಿಕೊಂಡ್ರಾಯ್ತು" ಎಂದಳು. ಶ್ರೀಯಾ ಅವರು ಇದನ್ನು ಬರೆದುಕೊಂಡದ್ದನ್ನು ನೋಡಿದೆ. ದಯವಿಟ್ಟು ಅಳಿಸುವುದು.

3. ನನ್ನ ಗದ್ದ ಬಲಕ್ಕೆ ನಾಲ್ಕು ಮಿಲಿಮೀಟರ್ ವಾಲಿರುವುದನ್ನು ತಾವು ಕೆಂಪು ಬಣ್ಣದಲ್ಲಿ 'ದೋಷ' ಎಂದು ತೋರಿಸಿದಿರಿ. ಗಂಟು ತಳ್ಳಿದ್ದರಿಂದ ಹೀಗಾಗಿದೆ, ಈಗ ನೇರ ಮಾಡಿದ್ದೇವೆ ಎಂದು ಶ್ರೀಯಾ ವಿವರಿಸಿದರು. ಉಷಾಗೆ ಸಂತೋಷವಾಯಿತು. ಆದರೆ ಗಂಟು ಮೂರು ವರ್ಷದ್ದು. ಓರೆ ನಲವತ್ತೇಳು ವರ್ಷದ್ದು, ಅಂದರೆ ಹುಟ್ಟಿನಿಂದ ಬಂದದ್ದು.

4. ಒಂಬತ್ತನೇ ತರಗತಿಯ ಮಗಳು ಕೃತಿ ಪಕ್ಕದಲ್ಲೇ ಕುಳಿತಿದ್ದಳು. ಅವಳ ಗದ್ದವೂ ಬಲಕ್ಕೆ ವಾಲಿದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುವ ಹುಡುಗಿ, ಸಭೆ ಮುಗಿದ ಮೇಲೆ ಕನ್ನಡದಲ್ಲೇ ಕೇಳಿದಳು: "ಹಾಗಾದ್ರೆ ನಂದೂ ದೋಷನಾ ಅಪ್ಪ?" ಅಂದಿನಿಂದ ಮಾಸ್ಕ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ಕೆಮ್ಮು ಎನ್ನುತ್ತಾಳೆ. ಅವಳು ಕೆಮ್ಮಿದ್ದನ್ನು ನಾನು ಕೇಳಿಲ್ಲ.

5. ಕಾಲೇಜಿನಿಂದಲೂ ಗಡ್ಡ ಬಿಟ್ಟಿದ್ದ ಕಾರಣ ನನ್ನ ಹಳೆಯ ಫೋಟೋಗಳಲ್ಲಿ ಗದ್ದ ಕಾಣುವುದಿಲ್ಲ; ಅದಕ್ಕೂ ಹಿಂದಿನ ಫೋಟೋಗಳು ಉಳಿದಿಲ್ಲ. ಆ ಕಾರಣ ಮಗಳ ಗದ್ದವನ್ನೇ ದಾಖಲೆಯಾಗಿ ಸಲ್ಲಿಸಿದ್ದೇನೆ. ಮೂಲದಿಂದ ಪ್ರತಿ ತೆಗೆಯುವುದು ಕ್ರಮ. ಇಲ್ಲಿ ಪ್ರತಿಯಿಂದ ಮೂಲವನ್ನು ಮಾಡಬೇಕಾಗಿದೆ.

ಆದ್ದರಿಂದ, ಮೂಳೆ ಕತ್ತರಿಸುವ ಅಚ್ಚು ಸೋಮವಾರ ತಯಾರಾಗುವ ಮೊದಲು, ಗದ್ದವನ್ನು ನಾಲ್ಕು ಮಿಲಿಮೀಟರ್ ಬಲಕ್ಕೇ ಸರಿಸಿ, ಅಲ್ಲಿಯ ಕೆಂಪನ್ನು ಹಸಿರು ಮಾಡಿ, ಆ ಚಿತ್ರದ ಒಂದು ಪ್ರತಿಯನ್ನು ಮನೆಗೆ ಕಳುಹಿಸಬೇಕಾಗಿ ಪ್ರಾರ್ಥನೆ.

ತಮ್ಮ ಓರೆ ಗದ್ದದ ವಿಶ್ವಾಸಿ,
ಸದಾನಂದ

ಲಗತ್ತು:
ಅ) ಕೃತಿಯ ಫೋಟೋ, ಮಾಸ್ಕ್ ಇಲ್ಲದ್ದು.
ಆ) ಅವಳು ಮಲಗಿದ್ದಾಗ ಸ್ಕೇಲಿನಿಂದ ಅಳೆದ ವಿವರ, ಮೂರು ಅಳತೆಗಳ ಸರಾಸರಿ.
ಇ) ಉಷಾಳ ಆಕ್ಷೇಪಣೆ, ಎರಡು ಪುಟ.

ವಿ.ಸೂ.: ಚಿತ್ರ ಕಳುಹಿಸುವಾಗ ಲಕೋಟೆಯ ಮೇಲೆ ನನ್ನ ಹೆಸರು ಬೇಡ. ಮಗಳ ಹೆಸರು ಬರೆಯುವುದು.